ಮಡಚೋ ಚಾಕಿನ ಬೆನ್ನು

ಮಹಾನವಮಿಯ ಮಧ್ಯಾಹ್ನ ದೇವರಗುಡ್ಡದ ದಾರಿಯಲ್ಲಿ ಮಣ್ಣಿನ ಬಣ್ಣ ಕಾಣುವುದಿಲ್ಲ. ಎಲ್ಲಿ ನೋಡಿದರೂ ಭಂಡಾರ, ದೇವರ ಅರಿಸಿನಪುಡಿ. ಹಣೆಗೆ ಭಂಡಾರ, ಎತ್ತಿನ ಕೋಡಿಗೆ ಭಂಡಾರ, ಟ್ರ್ಯಾಕ್ಟರಿನ ಬಾನೆಟ್ಟಿಗೂ ಭಂಡಾರ. ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವಿನ ಪುಟ್ಟ ರೈಲು ನಿಲ್ದಾಣದಲ್ಲಿ ಇಳಿದವರು, ಚಕ್ಕಡಿ ಹೂಡಿಕೊಂಡು ಬಂದವರು, ಟೆಂಪೋದಲ್ಲಿ ಒತ್ತಿಕೊಂಡು ನಿಂತೇ ಬಂದವರು ಎಲ್ಲ ಒಂದೇ ದಾರಿಗೆ ಕೂಡಿಕೊಳ್ಳುತ್ತಾರೆ. ಹಿಂದಿನಿಂದ ಯಾರೋ ‘ಏಳುಕೋಟಿ ಏಳುಕೋಟಿಗೋ’ ಎಂದು ಎತ್ತುತ್ತಾರೆ, ಮುಂದಿನವರು ತಿರುಗಿ ನೋಡದೆಯೇ ದನಿಗೂಡಿಸುತ್ತಾರೆ. ಕರಿಕಂಬಳಿಯ ನಿಲುವಂಗಿ ತೊಟ್ಟ ಗೊರವಪ್ಪಗಳು ಡಮರು ನುಡಿಸುತ್ತ ಬಿಸಿಲಲ್ಲೇ ನಡೆದಿರುತ್ತಾರೆ. ಕೊರಳಲ್ಲಿ ಕವಡೆಸರ, ಹೆಗಲಿಗೆ ಭಂಡಾರದ ಚೀಲ, ಕೈಯಲ್ಲಿ ದೋಣಿ ಎಂಬ ಬಟ್ಟಲು. 1884ರ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟ ಈ ಊರನ್ನು ಗುಡ್ಡಗುಡ್ಡಾಪುರ ಎಂದು ಕರೆದಿದೆ. ಹಿರಿಯರ ಬಾಯಲ್ಲಿ ಇಂದಿಗೂ ಆ ಹೆಸರು ಉಂಟು.

ಗುಡ್ಡದ ಮೇಲಿನ ಮಾಲತೇಶ ಖಡ್ಗ ಹಿಡಿದ ದೇವರು. ಮಲ್ಲ, ಮಣಿ ಎಂಬ ದೈತ್ಯರನ್ನು ಏಳುಕೋಟಿ ದಂಡು ಕಟ್ಟಿಕೊಂಡು ಸಂಹರಿಸಿದವನು ಎಂದು ಒಕ್ಕಲು ನಂಬುತ್ತದೆ. ಆ ದೇವರ ದೊಡ್ಡ ಹಬ್ಬವೂ ಆಯುಧಪೂಜೆಯೂ ಒಂದೇ ದಿನ ಬೀಳುತ್ತವೆ. ನಮ್ಮ ಕಡೆ ಅದಕ್ಕೆ ಖಂಡೆಪೂಜೆ ಎನ್ನುವವರೇ ಹೆಚ್ಚು. ಮನೆಯಲ್ಲಿ ಕುಡಗೋಲು, ಕೊಡಲಿ, ಕುರ್ಚಿಗೆ, ಈಳಿಗೆಗಳನ್ನು ತೊಳೆದು ಕುಂಕುಮ ಹಚ್ಚಿ ಸಾಲಾಗಿ ಇಟ್ಟು, ವರ್ಷದ ಭವಿಷ್ಯ ನುಡಿಯುವ ಕಾರಣಿಕ ಕೇಳಲು ಗುಡ್ಡಕ್ಕೆ ಬರುತ್ತಾರೆ. ಬಂದವರು ಜಾತ್ರೆಯ ಸಾಲಿನಲ್ಲಿ ಮತ್ತೆ ಅಂಥದೇ ಸಾಮಾನುಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ.

ಆ ಸಾಲಿನಲ್ಲಿ ಮಂಡಕ್ಕಿ, ಮಿರ್ಚಿ, ಬೆಂಡು ಬತ್ತಾಸದ ಅಂಗಡಿಗಳು ದಾಟಿದ ಮೇಲೆ ಕುರಿಯ ಕೊರಳಿನ ಗಂಟೆ ಮಾರುವವನು, ಅವನ ಪಕ್ಕ ಹಗ್ಗ ಕಣ್ಣಿ ಮಾರುವವನು, ಅದರಾಚೆ ತಾಡಪತ್ರಿಯ ಮೇಲೆ ಕಬ್ಬಿಣದ ಸಾಮಾನು ಹರವಿಕೊಂಡವನು. ಒಂದು ಕಡೆ ಅಡಕೊತ್ತು, ಕತ್ತರಿ, ಈಳಿಗೆ. ಇನ್ನೊಂದು ಕಡೆ, ಅವನ ಮೊಣಕಾಲಿಗೆ ಹತ್ತಿರ, ಕೈಗೆಟುಕುವ ಜಾಗದಲ್ಲಿ ಮಡಚುವ ಚಾಕುಗಳು. ಹಿತ್ತಾಳೆ ಹಿಡಿಕೆಯವು, ಮರದ ಹಿಡಿಕೆಯವು, ಕೆಂಪು ಪ್ಲಾಸ್ಟಿಕ್ಕಿನವು, ಕರಿ ಬಣ್ಣ ಬಳಿದ ತಗಡಿನವು. ಎಲ್ಲವೂ ಮುಚ್ಚಿವೆ. ಗಿರಾಕಿ ಕೇಳಿದರೆ ಮಾತ್ರ ಒಂದನ್ನು ಬಿಚ್ಚಿ ತೋರಿಸುತ್ತಾನೆ, ತೋರಿಸಿ ಮುಚ್ಚಿಯೇ ಕೊಡುತ್ತಾನೆ. ಕೈಯಿಂದ ಕೈಗೆ ಕೊಡುವುದಿಲ್ಲ, ತಾಡಪತ್ರಿಯ ಮೇಲೆ ಇಡುತ್ತಾನೆ, ಗಿರಾಕಿ ಅಲ್ಲಿಂದ ಎತ್ತಿಕೊಳ್ಳಬೇಕು. ಉಪ್ಪು, ಮೆಣಸಿನಕಾಯಿಯನ್ನು ಕೈಗೆ ಕೊಡದ ಮನೆಗಳಲ್ಲಿ ಚಾಕುವನ್ನೂ ಕೊಡುವುದಿಲ್ಲ. ಜಗಳವಾಗುತ್ತದೆ ಎಂಬುದು ಹಿರಿಯರು ಹೇಳುವ ಕಾರಣ. ಆ ಕಾರಣವನ್ನು ನಂಬಿರಿ, ಬಿಡಿರಿ, ಆ ರೂಢಿಯನ್ನು ಮಾತ್ರ ಬಿಡಬಾರದು. ಇಬ್ಬರ ಕೈಯೂ ಒಂದೇ ಅಲಗಿನ ಮೇಲಿರುವ ಕ್ಷಣ ಒಳ್ಳೆಯದಲ್ಲ.

ಮುಂದೆ ಕೂತವರು ಒಬ್ಬ ಕುರಿಗಾಹಿ ಅಜ್ಜ ಮತ್ತು ಅವರ ಮೊಮ್ಮಗ. ಅಜ್ಜನ ಹೆಗಲಿಗೆ ಮಡಿಸಿದ ಕಂಬಳಿ, ಸೊಂಟದಲ್ಲಿ ಚಂಚಿ. ಹುಡುಗನಿಗೆ ಹನ್ನೊಂದೋ ಹನ್ನೆರಡೋ ಇರಬೇಕು, ಮೀಸೆ ಇನ್ನೂ ನೆರಳು. ಅವನ ಕಣ್ಣೆಲ್ಲ ಕರಿ ಹಿಡಿಕೆಯ ಚಾಕಿನ ಮೇಲೆ.

‘ಯಜ್ಜಾ, ಅದು ನೋಡ. ಒಂದ ಕೈಯಾಗ ಬಿಚ್ಚತೈತಿ.’

‘ಬಿಚ್ಚೂದು ಯಾವ ನನ್ಮಗಂದರ ಬಿಚ್ಚತಾನ. ಮುಚ್ಚಿ ತೋರಿಸು ಮೊದಲ.’

ಆ ಒಂದು ಮಾತಿಗೆ ನಾನು ಅಲ್ಲೇ ನಿಂತೆ. ಮಡಚುವ ಚಾಕಿನಿಂದ ಆಗುವ ಗಾಯಗಳ ಕಥೆ ಕೇಳಿ ನೋಡಿ. ಹಗ್ಗ ಕತ್ತರಿಸುವಾಗ, ಸೌತೆಕಾಯಿ ಹೆಚ್ಚುವಾಗ ಆದ ಗಾಯಗಳು ಇರುತ್ತವೆ, ಆದರೆ ಕೆಲಸ ಮುಗಿಸಿ ಅಲಗನ್ನು ಹಿಡಿಕೆಯೊಳಗೆ ಸೇರಿಸುವಾಗ ತೋರುಬೆರಳಿನ ಒಳಮೈಗೆ ಬಿದ್ದ ಗಾಯ ಮತ್ತೆ ಮತ್ತೆ ಬರುತ್ತದೆ. ಕೆಲಸ ಮಾಡುವಾಗ ಕಣ್ಣು ಅಲಗಿನ ಮೇಲಿರುತ್ತದೆ. ಮುಚ್ಚುವ ಹೊತ್ತಿಗೆ ಮನಸ್ಸು ಮುಂದಿನ ಕೆಲಸಕ್ಕೆ ಹೋಗಿರುತ್ತದೆ.

ಹುಡುಗ ಕರಿ ಚಾಕನ್ನು ಎತ್ತಿ ಬಿಚ್ಚಿ, ಮುಚ್ಚಲು ನೋಡಿದ, ಅಲಗು ಅಲುಗಲಿಲ್ಲ. ಬಲ ಹಾಕಿ ಒತ್ತಹೊರಟಾಗ ಅಂಗಡಿಯವನೇ ಕೈ ಚಾಚಿ ‘ಲಾಕ್ ಐತಿ ತಮ್ಮಾ, ಇಡು ಕೆಳಗ’ ಎಂದ. ಅಜ್ಜ ಏನೂ ಅನ್ನಲಿಲ್ಲ. ಮರದ ಹಿಡಿಕೆಯ ಒಂದು ಚಾಕನ್ನು ಎತ್ತಿಕೊಂಡು, ಕಂಬಳಿ ಹಾಸಿ, ಜನ ತುಳಿಯುವ ದಾರಿಗೆ ಬೆನ್ನು ಹಾಕಿ ಕೂತರು. ಹುಡುಗನನ್ನು ಎದುರಿಗಲ್ಲ, ಎಡಪಕ್ಕಕ್ಕೆ ಕೂರಿಸಿಕೊಂಡರು.

ಅವರು ಮಾಡಿದ್ದನ್ನು ನಿಧಾನಕ್ಕೆ ಹೇಳಬೇಕು. ಮೊದಲು ಎರಡೂ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಭಂಡಾರ, ಎಣ್ಣೆ, ಬೆವರು ಏನಿದ್ದರೂ ಉಗುರು ಜಾರುತ್ತದೆ. ಹಿಡಿಕೆಯನ್ನು ಎಡಗೈಯಲ್ಲಿ ತೆಗೆದುಕೊಂಡರು. ಅಲಗು ಅಡಗಿ ಕೂತ ಸೀಳು ಮೇಲ್ಮುಖ, ಹಿಡಿಕೆಯ ಬೆನ್ನು ಅಂಗೈಗೆ. ಹೆಬ್ಬೆರಳು ಒಂದು ಮಗ್ಗುಲಿಗೆ, ಉಳಿದ ಬೆರಳ ತುದಿಗಳು ಇನ್ನೊಂದು ಮಗ್ಗುಲಿಗೆ. ಒಂದು ಬೆರಳೂ ಸೀಳಿನ ಅಂಚು ದಾಟಿ ಮೇಲೆ ಬಂದಿಲ್ಲ. ಮುಷ್ಟಿ ಕಟ್ಟಿ ಹಿಡಿದಿದ್ದರೆ ನಾಲ್ಕೂ ಬೆರಳು ಸೀಳಿನ ಮೇಲೆ ಮಲಗುತ್ತಿದ್ದವು. ಅಲಗಿನ ಬೆನ್ನಿನ ಹತ್ತಿರ ಉದ್ದಕ್ಕೆ ಒಂದು ಗೀರು ಇತ್ತು. ಬಲಗೈ ಹೆಬ್ಬೆರಳ ಉಗುರನ್ನು, ದಪ್ಪ, ಅಂಚು ಸವೆದು ಹಳದಿಯಾದ ಉಗುರನ್ನು, ಆ ಗೀರಿನೊಳಗೆ ಕೂರಿಸಿ ಮೇಲಕ್ಕೆಳೆದರು. ಅಲಗು ಅರ್ಧ ಎದ್ದಾಗ ನಿಲ್ಲಿಸಿ, ಉಗುರು ತೆಗೆದು, ಎರಡು ಬೆರಳಿನಿಂದ ಅಲಗನ್ನು ಮಗ್ಗುಲಲ್ಲಿ ಚಿವುಟಿ ಹಿಡಿದು ಪೂರ್ತಿ ತಿರುಗಿಸಿದರು. ಟಕ್ ಎಂಬ ಸದ್ದು ಬಂತು.

‘ಈ ಸಪ್ಪಳ ಕೇಳಬೇಕು. ಸಪ್ಪಳ ಬರಲಿಲ್ಲ ಅಂದ್ರ ಅದು ಬಿಚ್ಚಿಲ್ಲ, ಬಿಚ್ಚಿದಂಗ ಮಾಡೈತಿ.’

ಆ ಸದ್ದು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾದರೆ ಚಾಕಿನ ಸ್ವಭಾವ ಗೊತ್ತಾದಂತೆ. ಹಿಡಿಕೆಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇದೆ, ಅದು ಸದಾ ಅಲಗಿನ ಬುಡವನ್ನು ಒತ್ತುತ್ತಿರುತ್ತದೆ. ಆ ಬುಡ ಒಂದು ಕೀಲಿನ ಸುತ್ತ ತಿರುಗುತ್ತದೆ. ಬುಡದಲ್ಲಿ ಅಲ್ಲಲ್ಲಿ ಚಪ್ಪಟೆ ಮಾಡಿರುತ್ತಾರೆ. ಚಪ್ಪಟೆ ಭಾಗ ಪಟ್ಟಿಗೆ ಬಂದು ಕೂತಾಗ ಅಲಗು ನಿಲ್ಲುತ್ತದೆ. ಪೂರ್ತಿ ಬಿಚ್ಚಿದಾಗ ಒಂದು, ಪೂರ್ತಿ ಮುಚ್ಚಿದಾಗ ಒಂದು, ಕೆಲವಕ್ಕೆ ನೆಟ್ಟಗೆ ನಿಂತ ಅರ್ಧದಲ್ಲೂ ಒಂದು ನಿಲುಗಡೆ. ನಡುವಿನ ದಾರಿಯಲ್ಲಿ ಪಟ್ಟಿ ಬಾಗುತ್ತದೆ, ಬಲ ಕೂಡಿಟ್ಟುಕೊಳ್ಳುತ್ತದೆ. ಮುಚ್ಚುವಾಗ ಮೊದಲರ್ಧ ನಾವು ಅದರ ವಿರುದ್ಧ ಒತ್ತುತ್ತೇವೆ. ಒಂದು ಹಂತ ದಾಟಿದ್ದೇ ಅದೇ ಪಟ್ಟಿ ನಮ್ಮ ಕೈಯಿಂದ ಅಲಗನ್ನು ಕಿತ್ತುಕೊಂಡು ಒಳಗೆಳೆಯುತ್ತದೆ. ಮೊದಲರ್ಧಕ್ಕೆ ಹಾಕಿದ ಜೋರೇ ಎರಡನೇ ಅರ್ಧಕ್ಕೂ ಹೋದರೆ, ಪಟ್ಟಿಯ ಜೋರೂ ಕೂಡಿ, ಸೀಳಿನ ಮೇಲಿದ್ದ ಬೆರಳು ಸಿಕ್ಕೇ ಸಿಗುತ್ತದೆ. ಪಟ್ಟಿಯ ಬಿಗುವಿನಿಂದಷ್ಟೇ ನಿಲ್ಲುವ ಈ ಬಗೆಯ ಚಾಕುಗಳನ್ನು ಇಂಗ್ಲೆಂಡಿನ ಶೆಫೀಲ್ಡಿನ ಕಮ್ಮಾರರು 17ನೇ ಶತಮಾನದಿಂದಲೇ ಮಾಡಿ ಮಾರುತ್ತ ಬಂದವರು. ಪಟ್ಟಿ ಇಲ್ಲದ, ಬರೀ ಕೀಲಿನ ಮೇಲೆ ತಿರುಗುವ ಚಾಕುಗಳು ಅದಕ್ಕಿಂತ ಬಹಳ ಹಳೆಯವು. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ್ದು ಎರಡೂವರೆ ಸಾವಿರ ವರ್ಷ ಹಿಂದಿನದು.

ಅಜ್ಜ ಮುಚ್ಚಿ ತೋರಿಸಿದ್ದು ಹೀಗೆ. ಎಡಗೈ ಹಿಡಿತ ಬಿಚ್ಚುವಾಗ ಇದ್ದದ್ದೇ, ಸೀಳು ಮೇಲ್ಮುಖ. ಬಲಗೈಯ ಹೆಬ್ಬೆರಳು, ತೋರುಬೆರಳಿನಿಂದ ಅಲಗನ್ನು ಬೆನ್ನಿನ ಕಡೆಯಿಂದ ಚಿವುಟಿ ಹಿಡಿದು ಅರ್ಧದವರೆಗೆ ಮಡಚಿದರು. ಅಲ್ಲಿ ನಿಲ್ಲಿಸಿದರು. ಎಡಗೈ ಬೆರಳುಗಳನ್ನು ಒಂದೊಂದಾಗಿ ನೋಡಿದರು, ಹುಡುಗನಿಗೂ ನೋಡಲು ಹೇಳಿದರು. ಆಮೇಲೆ ಚಿವುಟು ಬಿಟ್ಟು, ಬಲ ಅಂಗೈಯ ಬುಡವನ್ನು ಅಲಗಿನ ಬೆನ್ನಿನ ಮೇಲಿಟ್ಟು, ಎಡಗೈ ಬೆರಳುಗಳನ್ನು ಇನ್ನಷ್ಟು ಕೆಳಕ್ಕೆ ಜಾರಿಸಿ, ಒತ್ತಿದರು.

‘ಬಾಯಿ ಕಡೆ ಯಾರೂ ಇರಬಾರದು, ಬೆನ್ನ ಕಡೆ ನಾವಿರಬೇಕು. ಅರ್ಧಕ್ಕ ನಿಂದರಸು. ಬೆರಳ ಎಣಸು. ಆಮ್ಯಾಲ ಒತ್ತು.’

ಹುಡುಗ ಕೇಳಿದ: ‘ತೊಡಿಗೆ ಹಚ್ಚಿ ಒತ್ತಿದ್ರ ಲಗೂನ ಆಗತೈತಲ್ಲ ಯಜ್ಜಾ? ಕಾಕಾ ಹಂಗ ಮಾಡತಾನ.’

‘ನಿಮ್ಮ ಕಾಕಾನ ತೊಡಿ ಮ್ಯಾಲ ಏನೇನ ಐತಿ ಅಂತ ಮನಿಗೆ ಹೋದಿಂದ ಕೇಳು.’

ತೊಡೆಗೆ ಅಲಗಿನ ಬೆನ್ನು ಒತ್ತಿ ಒಂದೇ ಕೈಯಲ್ಲಿ ಮುಚ್ಚುವ ಚಾಳಿ ನಮ್ಮ ಕಡೆ ಬಹಳ. ಕುರಿ ಮರಿಯೊಂದನ್ನು ಕಂಕುಳಲ್ಲಿ ಹಿಡಿದವರಿಗೆ ಇನ್ನೊಂದು ಕೈ ಖಾಲಿ ಇರುವುದಿಲ್ಲ, ಅದಕ್ಕೇ ಅದು ಬಂದಿರಬೇಕು. ಆದರೆ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ದೂಡುವಾಗ ಬೆರಳುಗಳು ತಾವಾಗಿಯೇ ಮುಷ್ಟಿ ಕಟ್ಟುತ್ತವೆ, ಕಟ್ಟಿದವು ಸೀಳಿನ ಮೇಲೆಯೇ ಬರುತ್ತವೆ. ಕೈ ಖಾಲಿ ಇಲ್ಲದಿದ್ದರೆ ಬಿಚ್ಚಿದ ಚಾಕನ್ನು ಒಂದು ಕಲ್ಲಿನ ಮೇಲೆ, ಅಲಗು ಅತ್ತ ತಿರುಗಿಸಿ ಇಟ್ಟು, ಮರಿಯನ್ನು ಬಿಟ್ಟು ಬಂದು ಮುಚ್ಚಿದರಾಯಿತು.

ಕುರಿಗಾಹಿಗೆ ಈ ಪುಟ್ಟ ಚಾಕು ಯಾಕೆ ಬೇಕೆಂದು ಪೇಟೆಯವರು ಕೇಳಬಹುದು. ಮಳೆಗಾಲದ ಕೆಸರಿನಲ್ಲಿ ತಿರುಗಿದ ಕುರಿಯ ಗೊರಸು ಬೆಳೆದು ಮಡಚಿಕೊಳ್ಳುತ್ತದೆ, ನಡುವೆ ಕೊಳೆ ಸೇರಿ ಕುರಿ ಕುಂಟುತ್ತದೆ. ಹೆಚ್ಚಾದ ಗೊರಸನ್ನು ಚೂರು ಚೂರೇ ಕೆತ್ತಬೇಕು. ಜಾಲಿ ಮುಳ್ಳು ಗೊರಸಿನ ಸಂದಿಗೆ ಮುರಿದು ಕೂತರೆ ಸುತ್ತಲೂ ಬಿಡಿಸಿ ತೆಗೆಯಬೇಕು. ಕಾಲಿಗೆ ಸುತ್ತಿಕೊಂಡ ಹುರಿ, ಹಟ್ಟಿಯ ಬಲೆಯ ಗಂಟು, ಬುತ್ತಿಗೆ ಕಟ್ಟಿದ ಬಟ್ಟೆ, ಸಂಜೆಗೆ ಒಂದು ಸೌತೆಕಾಯಿ. ಉಳ್ಳಾಗಡ್ಡಿಗೆ ಮಾತ್ರ ಚಾಕು ಬೇಡ, ಅದನ್ನು ಗುದ್ದಿಯೇ ಒಡೆಯಬೇಕು. ಇಷ್ಟಕ್ಕೆಲ್ಲ ಕುಡಗೋಲು ದೊಡ್ಡದಾಯಿತು, ಮೇಲಾಗಿ ಅದನ್ನು ಬಕ್ಕಣದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಮಡಚುವ ಚಾಕು ತನ್ನ ಬಾಯಿಯನ್ನು ತಾನೇ ನುಂಗಿಕೊಂಡು ಕಿಸೆಯಲ್ಲಿ ಮಲಗುತ್ತದೆ, ಅದರ ಉಪಕಾರ ಇರುವುದೇ ಅಲ್ಲಿ.

ಗೊರಸು ಕೆತ್ತುವಾಗಿನ ಅಪಾಯ ಬೇರೆ. ಪಟ್ಟಿಯ ಬಿಗುವಿನ ಮೇಲಷ್ಟೇ ನಿಂತ ಅಲಗಿಗೆ ಬಾಯಿಯ ಕಡೆಯಿಂದ ಬಂದ ಒತ್ತಡ ತೊಂದರೆಯಲ್ಲ, ಅದು ಅಲಗನ್ನು ಇನ್ನಷ್ಟು ಬಿಚ್ಚುವ ದಿಕ್ಕಿಗೇ ತಳ್ಳುತ್ತದೆ. ಆದರೆ ಮೊನೆಯಿಂದ ಚುಚ್ಚಿದರೆ, ಅಲಗಿನ ಬೆನ್ನಿನಿಂದ ಮೀಟಿದರೆ, ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಎಳೆದರೆ, ಅದು ಹಿಡಿದ ಕೈಯ ಮೇಲೆಯೇ ಮಡಚಿಕೊಳ್ಳುತ್ತದೆ. ಮುಳ್ಳು ಮೀಟಲು ಚಿಮಟ ಇರಲಿ, ಡಬ್ಬಿಯ ಮುಚ್ಚಳ ಎಬ್ಬಿಸಲು ಬೇರೇನಾದರೂ ಇರಲಿ. ಮಡಚುವ ಚಾಕಿನ ಕೆಲಸ ಕೊಯ್ಯುವುದು ಒಂದೇ. ಅದಕ್ಕೆ ಬಾಯಿ ಹರಿತವಾಗಿರಬೇಕು. ಮೊಂಡು ಚಾಕು ಹೆಚ್ಚು ಒತ್ತಿಸಿಕೊಳ್ಳುತ್ತದೆ, ಹೆಚ್ಚು ಒತ್ತಿದ್ದು ಜಾರಿದರೆ ಹೆಚ್ಚು ದೂರ ಹೋಗುತ್ತದೆ.

ಹುಡುಗನ ಮನಸ್ಸು ಕರಿ ಚಾಕನ್ನು ಬಿಟ್ಟಿರಲಿಲ್ಲ. ಈಗೀಗ ಜಾತ್ರೆಗಳಿಗೆ ಬರುತ್ತಿರುವುದು ಇಂಥವೇ ಹೆಚ್ಚು. ಅಲಗಿನಲ್ಲಿ ಉಗುರಿನ ಗೀರಿಲ್ಲ, ಅದರ ಬದಲು ಒಂದು ಗುಬುಟು ಅಥವಾ ತೂತು, ಹೆಬ್ಬೆರಳಲ್ಲಿ ತಳ್ಳಿದರೆ ಚಟ್ಟನೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಮೇಲೆ ಹಿಡಿಕೆಯ ಒಳಗಿನ ತೆಳು ತಗಡೊಂದು ಮಗ್ಗುಲಿಗೆ ಜಿಗಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅದೇ ಲಾಕು. ಚುಚ್ಚಿದರೂ ಮೀಟಿದರೂ ಮಡಚದಂತೆ ತಡೆಯಲು ಬಂದದ್ದು, ಒಳ್ಳೆಯ ಉಪಾಯವೇ. ತೊಡಕು ಇರುವುದು ಮುಚ್ಚುವಾಗ. ತಗಡನ್ನು ಸರಿಸಲು ಹೆಬ್ಬೆರಳು ಸೀಳಿನೊಳಗೆ ಹೋಗಬೇಕು, ಅಂದರೆ ಅಲಗು ಬರುವ ದಾರಿಯಲ್ಲೇ ನಿಲ್ಲಬೇಕು. ಹೆಬ್ಬೆರಳು ತಗಡನ್ನು ಸರಿಸಿ ಹಿಡಿದಿರುವಾಗ ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಸ್ವಲ್ಪವೇ, ಲಾಕು ತಪ್ಪುವಷ್ಟೇ ಮಡಚಬೇಕು. ಅಲ್ಲಿ ನಿಲ್ಲಿಸಿ, ಹೆಬ್ಬೆರಳನ್ನು ಹೊರಗೆ ತೆಗೆದು, ಹಿಡಿತ ಬದಲಿಸಿ, ಉಳಿದದ್ದನ್ನು ಬೆನ್ನು ಒತ್ತಿ ಮುಚ್ಚಬೇಕು. ಎರಡು ಹೆಜ್ಜೆಯ ಕೆಲಸ. ಒಂದೇ ಹೆಜ್ಜೆಯಲ್ಲಿ ಮುಗಿಸಿ ತೋರಿಸುವ ಹುಡುಗರ ಹೆಬ್ಬೆರಳಿನ ಮೇಲೆ ಅಡ್ಡ ಗೀರು ಕಂಡರೆ ಆಶ್ಚರ್ಯಪಡಬೇಕಿಲ್ಲ. ಇನ್ನು ಅಗ್ಗದ ತಗಡಿನ ಲಾಕು ನಾಲ್ಕು ದಿನಕ್ಕೆ ಸವೆದು ಅರ್ಧಂಬರ್ಧ ಕೂರುತ್ತದೆ, ಇದೆ ಎಂದು ನಂಬಿದ ಹೊತ್ತಿಗೆ ಇಲ್ಲದಂತಾಗುತ್ತದೆ. ಲಾಕು ಇದ್ದರೂ ಇಲ್ಲವೆಂದೇ ತಿಳಿದು ಕೆಲಸ ಮಾಡುವುದು ನನಗೆ ಗೊತ್ತಿರುವ ಒಳ್ಳೆಯ ಕೈಗಳೆಲ್ಲದರ ರೂಢಿ.

ಲಾಕಿನಲ್ಲಿ ನನಗೆ ಮೆಚ್ಚುಗೆಯಾದದ್ದು ಫ್ರಾನ್ಸಿನ ಸವೋಯ್ ಸೀಮೆಯ ಒಪಿನೆಲ್ ಚಾಕಿನದು. ಜೋಸೆಫ್ ಒಪಿನೆಲ್ 1890ರ ಸುಮಾರಿಗೆ ತನ್ನ ಮಲೆನಾಡಿನ ರೈತರಿಗೆಂದು ಮಾಡಿದ ಮರದ ಹಿಡಿಕೆಯ ಸಾದಾ ಚಾಕು ಅದು. 1955ರಲ್ಲಿ ಕೊರಳಿಗೆ ತಿರುಗುವ ಒಂದು ಉಕ್ಕಿನ ಬಳೆ ಸೇರಿಸಿದರು. ಬಳೆಯನ್ನು ತಿರುಗಿಸಿದರೆ ಅಲಗು ನಿಲ್ಲುತ್ತದೆ, ವಾಪಸು ತಿರುಗಿಸಿದರೆ ಮಡಚುತ್ತದೆ. ಬೆರಳು ಸೀಳಿನೊಳಗೆ ಹೋಗಬೇಕಾದ ಪ್ರಮೇಯವೇ ಇಲ್ಲ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಕೊಡಲು ಶುರುಮಾಡಿದ ಚಾಕಿನಲ್ಲಾದರೋ ಇದ್ದದ್ದು ಪಟ್ಟಿ ಮತ್ತು ಉಗುರಿನ ಗೀರು, ನಮ್ಮ ಅಜ್ಜ ಹಿಡಿದ ಚಾಕಿನ ಬಳಗವೇ.

‘ರಾಂಪುರಿ ಐತೇನ್ರಿ?’ ಎಂದು ಪಕ್ಕದಿಂದೊಬ್ಬ ತರುಣ ಕೇಳಿದ. ಅಂಗಡಿಯವನು ತಲೆ ಎತ್ತದೆ ‘ಇಲ್ರಿ’ ಎಂದ. ಹಿಂದಿ ಸಿನಿಮಾಗಳಿಂದಾಗಿ ಉತ್ತರ ಪ್ರದೇಶದ ರಾಂಪುರದ ಹೆಸರು ಇಲ್ಲಿಯವರೆಗೆ ಬಂದಿದೆ. ಆ ಊರಿನವರು 2023ರಲ್ಲಿ ಒಂದು ಚೌಕದಲ್ಲಿ ಭಾರೀ ಚಾಕಿನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಕಸುಬುದಾರರ ಹೆಮ್ಮೆ ಅದು, ಆದರೆ ಸಿನಿಮಾದವರು ಅದರಿಂದ ಎತ್ತಿಕೊಂಡದ್ದು ಬೆದರಿಕೆಯೊಂದನ್ನೇ. ನಮ್ಮ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗನ್ನು, ಮನೆಗೆಲಸ, ಹೊಲಗೆಲಸದ್ದು ಅಲ್ಲದಿದ್ದರೆ, ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಕುರಿಗಾಹಿಯ ಚಾಕು ಅದರ ಮೂರನೇ ಒಂದು ಪಾಲೂ ಇರುವುದಿಲ್ಲ. ಹಾಗಿದ್ದರೂ ಜಾತ್ರೆಯ ಗದ್ದಲದಲ್ಲಿ ಅದನ್ನು ಬಿಚ್ಚಿ ಆಡಿಸುವವನನ್ನು ಪೊಲೀಸರು ಕೇಳದೆ ಬಿಡುವುದಿಲ್ಲ, ಬಿಡಲೂಬಾರದು.

ಬಿಸಿಲು ಇಳಿಯುತ್ತಿದ್ದಂತೆ ಜನ ಕಾರಣಿಕದ ಬಯಲಿನತ್ತ ಸರಿಯತೊಡಗಿದರು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಏರಿ ನಿಂತು ‘ಸದ್ದಲೇ’ ಎಂದಾಗ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲು ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಮಳೆ ಉಂಟೋ, ಬೆಳೆಗೆ ಧಾರಣೆ ಉಂಟೋ, ರಾಜ್ಯ ಆಳುವವರಿಗೆ ಕಂಟಕ ಉಂಟೋ ಎಂದು ಅರ್ಥ ಹಚ್ಚುವ ಕೆಲಸ ಅಲ್ಲಿಂದಲೇ ಶುರು. ನುಡಿ ಬಿದ್ದ ಮರುಕ್ಷಣ ಜನ ಒಮ್ಮೆಲೇ ಮುಂದಕ್ಕೆ ಒತ್ತುತ್ತಾರೆ. ಆ ಒತ್ತಿನಲ್ಲಿ ನಮ್ಮ ಕೈ ನಮ್ಮದಾಗಿರುವುದಿಲ್ಲ. ತೆಂಗಿನಕಾಯಿಯ ಜುಟ್ಟು ಬಿಡಿಸಿ, ಹಾರದ ದಾರ ಕತ್ತರಿಸಿ, ಮುಚ್ಚಲು ಮರೆತು ಹಿಡಿದುಕೊಂಡ ಒಂದು ಚಾಕು ಅಲ್ಲಿ ಏನು ಮಾಡಬಲ್ಲುದು ಎಂದು ಯೋಚಿಸಿದರೆ ಮೈ ನಡುಗುತ್ತದೆ. ಕಾರಣಿಕಕ್ಕೆ ಹೊರಡುವ ಮೊದಲು ಅಜ್ಜ ತಮ್ಮ ಹಳೆಯ ಚಾಕನ್ನು ಚಂಚಿಯಿಂದ ತೆಗೆದು, ಮುಚ್ಚಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಹಿಡಿಕೆಯ ಮಗ್ಗುಲನ್ನು ಸವರಿ ನೋಡಿ, ಚಂಚಿಯ ಒಳಗಿನ ಅರೆಗೆ ಇಳಿಸಿ, ಲಾಡಿ ಬಿಗಿದು ಕಟ್ಟಿದರು.

ಮುಚ್ಚಿದ ಚಾಕು ನಿಜವಾಗಿ ಮುಚ್ಚಿದೆಯೇ ಎಂದು ನೋಡುವ ಈ ರೂಢಿಯ ಬೆಲೆ ತಿಳಿಯಬೇಕಾದರೆ ಬ್ಯಾಡಗಿ ಮಾರುಕಟ್ಟೆಯನ್ನು ಸುಗ್ಗಿಯಲ್ಲಿ ನೋಡಬೇಕು. ಚಳಿಗಾಲ ಕಾಲಿಟ್ಟರೆ ಅಂಗಳದ ತುಂಬ ಸುಕ್ಕುಗಟ್ಟಿದ ಕಡುಗೆಂಪು ಮೆಣಸಿನಕಾಯಿ, ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ. ತೊಟ್ಟು ಬಿಡಿಸುವ ಹೆಂಗಸರಿಗೆ ಚಾಕು ಬೇಕಿಲ್ಲ, ಬೆರಳೇ ಸಾಕು. ಚೀಲದ ಬಾಯಿಯ ಸುತಳಿ ಕತ್ತರಿಸುವವರ ಕೈಯಲ್ಲಿ ಮಾತ್ರ ದಿನವಿಡೀ ಮಡಚುವ ಚಾಕು. ಅಲ್ಲಿ ಮೆಣಸಿನ ಬೀಜ ಎಲ್ಲೆಂದರಲ್ಲಿ. ಒಂದು ಬೀಜ ಹಿಡಿಕೆಯ ಸೀಳಿನ ತಳಕ್ಕೆ ಹೋಗಿ ಕೂತರೆ ಸಾಕು, ಅಲಗು ಪೂರ್ತಿ ಕೂರುವುದಿಲ್ಲ. ಮೇಲುನೋಟಕ್ಕೆ ಮುಚ್ಚಿದೆ, ಮೊನೆ ಮಾತ್ರ ಕೂದಲೆಳೆಯಷ್ಟು ಹೊರಗಿದೆ. ಕಿಸೆಗೆ ಕೈ ಹಾಕಿದವನ ಬೆರಳ ತುದಿ ಸೀಳುತ್ತದೆ. ಅದರ ಮೇಲೆ ಮೆಣಸಿನ ಧೂಳು ಬೇರೆ, ಆ ಉರಿ ಪಟ್ಟವರಿಗೇ ಗೊತ್ತು. ಚೀಲಗಳ ನಡುವೆ ದುಡಿಯುವವರು ಸಂಜೆಗೆ ಚಾಕನ್ನು ಬಿಚ್ಚಿ, ಪೊರಕೆ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಸೀಳನ್ನು ಒರೆಸಿಕೊಳ್ಳುವುದು ಅದಕ್ಕಾಗಿಯೇ. ಸುತಳಿಯನ್ನು ಎದೆಯ ಕಡೆ ಎಳೆದು ಕೊಯ್ಯಬಾರದು ಎಂಬುದನ್ನೂ ಅಲ್ಲಿ ಹೊಸ ಹಮಾಲರಿಗೆ ಮೊದಲು ಕಲಿಸಬೇಕು.

ಒರೆಸಿದ ಮೇಲೆ ಕೀಲಿಗೆ ಒಂದು ಹನಿ ಎಣ್ಣೆ. ನಮ್ಮ ಕಡೆಯ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕುಸುಬಿ ಎಣ್ಣೆ, ಅದನ್ನೇ ಬಿಡುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ತಿಂಗಳು ಕಳೆದರೆ ಕೀಲು ಬಿಗಿಯುತ್ತದೆ, ಉಗುರು ಮುರಿಯುವಷ್ಟು ಜೋರು ಹಾಕಿ ಬಿಚ್ಚಬೇಕಾಗುತ್ತದೆ. ಜೋರು ಬೇಕಾದ ಕಡೆಯೇ ಕೈ ಜಾರುವುದು. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿಯೇ ಉಳಿಯುತ್ತದೆ, ಅದು ಸರಿ. ಖಂಡೆಪೂಜೆಗೆ ಹಚ್ಚಿದ ಒದ್ದೆ ಅರಿಸಿನ ಕುಂಕುಮವನ್ನೂ ಬನ್ನಿ ಕೊಟ್ಟು ಬಂದ ಮೇಲೆ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಕೀಲಿನಿಂದಲೇ ತುಕ್ಕು ಶುರುವಾಗುತ್ತದೆ. ಪೂಜೆಗೆ ಚಾಕನ್ನು ಬಿಚ್ಚಿ ಇಡಬೇಕೋ ಮುಚ್ಚಿ ಇಡಬೇಕೋ ಎಂಬ ಮಾತು ಮನೆಮನೆಯಲ್ಲಿ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಮುಚ್ಚಿ ಇಡುವುದನ್ನೇ ನಾನು ಹೇಳುತ್ತೇನೆ. ಹಿಡಿಕೆಗೆ ಹಚ್ಚಿದ ಕುಂಕುಮವನ್ನು ದೇವರು ಬೇಡ ಎನ್ನುವುದಿಲ್ಲ.

ಕಾಯ್ದುಕೊಂಡರೂ ಒಮ್ಮೊಮ್ಮೆ ಕೊಯ್ದುಕೊಳ್ಳುತ್ತದೆ. ಗುಡ್ಡದಲ್ಲಿ ಯಾರಿಗೆ ಗಾಯವಾದರೂ ಮೊದಲು ಕೈ ಹೋಗುವುದು ಭಂಡಾರದ ಚೀಲಕ್ಕೆ. ಭಂಡಾರ ಹಣೆಗೆ ಸರಿ, ಸಾವಿರ ಕೈ ಮುಟ್ಟಿದ, ನೆಲಕ್ಕೆ ಬಿದ್ದು ಮತ್ತೆ ತುಂಬಿದ ಪುಡಿ ತೆರೆದ ಗಾಯದೊಳಗೆ ಹೋಗಬಾರದು. ಗಾಯ ಎಷ್ಟು ಆಳ ಎಂಬುದನ್ನೂ ಅದು ಮುಚ್ಚಿಬಿಡುತ್ತದೆ. ಕುಡಿಯುವ ನೀರಿನಿಂದ ತೊಳೆದು, ಶುಭ್ರ ಬಟ್ಟೆಯನ್ನು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿ 10 ನಿಮಿಷ ನಡುವೆ ತೆಗೆದು ನೋಡದೆ ಕೂರಬೇಕು. ಆಮೇಲೆ ಬೆರಳ ತುದಿಯನ್ನು ಮಡಚಿ ನೋಡಬೇಕು. ತುದಿ ಮಡಚದಿದ್ದರೆ ಅದನ್ನು ಎಳೆಯುವ ಒಳಗಿನ ಹುರಿ ತುಂಡಾಗಿದೆ, ತುದಿ ಮರಗಟ್ಟಿದ್ದರೆ ನರಕ್ಕೆ ಪೆಟ್ಟಾಗಿದೆ. ಚಾಕು ಮಡಚಿಕೊಂಡು ಬೀಳುವ ಪೆಟ್ಟು ಬೆರಳಿನ ಒಳಮೈಗೇ ಬೀಳುವುದರಿಂದ ಇದು ಅಪರೂಪವಲ್ಲ. ರಕ್ತ ನಿಂತಿತೆಂದು ಮನೆಯಲ್ಲಿ ಉಳಿದರೆ ಆ ಬೆರಳು ಜೀವನಪೂರ್ತಿ ನೆಟ್ಟಗೆ ನಿಂತುಬಿಡಬಹುದು. ಅದೇ ದಿನ ರಾಣೆಬೆನ್ನೂರಿನ ಆಸ್ಪತ್ರೆಗೆ ಹೋಗಬೇಕು, ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಡಾಕ್ಟರಿಗೆ ಹೇಳಬೇಕು.

ವ್ಯಾಪಾರ ಮುಗಿದದ್ದು ಕಾರಣಿಕ ಆದ ಮೇಲೆ, ಪೆಟ್ರೋಮ್ಯಾಕ್ಸಿನ ಜಾಗಕ್ಕೆ ಬಂದಿರುವ ಎಲ್ಇಡಿ ಬಲ್ಬಿನ ಬೆಳಕಿನಲ್ಲಿ. ಹುಡುಗ ಕರಿ ಚಾಕಿನ ಆಸೆ ಬಿಡುವುದಕ್ಕೆ ಸಾಕಷ್ಟು ಮುಖ ಸಣ್ಣ ಮಾಡಿದ. ಅಂಗಡಿಯವನೇ ಬುದ್ಧಿ ಹೇಳಿದ: ‘ಯಜ್ಜಾರ ಹೇಳೂದು ಕೇಳು ತಮ್ಮಾ. ಈ ಕರೇದು ಮಾರಿದ್ರ ನನಗ ರೊಕ್ಕ ಹೆಚ್ಚ. ಆದರೂ ನಿನಗ ಮರದ ಹಿಡಕಿದ ಚೊಲೊ.’ ಅಜ್ಜ ನಾಲ್ಕು ಚಾಕು ಬಿಚ್ಚಿ ಮುಚ್ಚಿ ನೋಡಿದರು. ಒಂದರ ಪಟ್ಟಿ ಸಡಿಲ, ಅಲುಗಾಡಿಸಿದರೆ ಅಲಗು ತಾನಾಗಿ ಇಳಿಯಿತು. ಒಂದರ ಪಟ್ಟಿ ಬಹಳ ಬಿಗಿ, ಹುಡುಗನ ಉಗುರಿಗೆ ಬಗ್ಗದು. ಇನ್ನೊಂದರ ಅಲಗು ಕೀಲಿನಲ್ಲಿ ಅತ್ತಿತ್ತ ಹೊಯ್ದಾಡುತ್ತಿತ್ತು. ನಾಲ್ಕನೆಯದನ್ನು ಹುಡುಗನ ಕೈಯಲ್ಲೇ ಬಿಚ್ಚಿಸಿದರು. ಹುಡುಗ ಎಡಚ. ಉಗುರಿನ ಗೀರು ಅಲಗಿನ ಒಂದೇ ಮಗ್ಗುಲಿಗೆ, ಬಲಗೈಯವರಿಗೆ ಅನುಕೂಲವಾಗುವ ಕಡೆ ಇತ್ತು. ಅಂಗಡಿಯವನು ಮೂಟೆ ಬಿಚ್ಚಿ, ಎರಡೂ ಕಡೆ ಗೀರಿದ್ದ ಒಂದನ್ನು ಹುಡುಕಿ ತೆಗೆದ.

ಅಜ್ಜ ಅದರ ಬಾಯಿಗೆ ಅಂಟುಪಟ್ಟಿ ಸುತ್ತಿಸಿದರು. ಸೈಕಲ್ ಅಂಗಡಿಯಲ್ಲಿ, ವೈರಿನ ಕೆಲಸದಲ್ಲಿ ಬಳಸುವ ಕರಿ ಟೇಪು, ಎರಡು ಸುತ್ತು. ಸುತ್ತಿದ್ದರಿಂದ ಅಲಗು ಒಳಗೆ ಪೂರ್ತಿ ಕೂರಲಿಲ್ಲ, ಕೂರುವುದೂ ಬೇಕಿರಲಿಲ್ಲ.

‘ದೀಪಾವಳಿ ತನಕ ಇದು ಹಿಂಗ ಇರಲಿ. ದಿನಾ ಕುಂತ ಬಿಚ್ಚು, ಮುಚ್ಚು. ನಿಂತ ಬ್ಯಾಡ, ನಡಕೋತ ಅಂತೂ ಬ್ಯಾಡs ಬ್ಯಾಡ. ಅರ್ಧಕ್ಕ ನಿಂದರಸೂದು ಮರೀಬ್ಯಾಡ.’

‘ಟೇಪು ಯಾವಾಗ ತಗೀತಿ ಯಜ್ಜಾ?’

‘ನಾ ಮಾತಾಡಿಸಿದಾಗ ನಿನ್ನ ಬೆರಳ ಸೀಳಿನ ಮ್ಯಾಲ ಬರೂದು ನಿಂತಿಂದ.’

ಗುಡ್ಡ ಇಳಿಯುವ ದಾರಿಯಲ್ಲಿ ಹುಡುಗ ಚಾಕನ್ನು ಒಂದೆರಡು ಸಲ ಬಕ್ಕಣದಿಂದ ತೆಗೆದ. ಅಜ್ಜ ಕೈ ಚಾಚಿದರು. ಅವನು ಅದನ್ನು ಮುಚ್ಚಿ, ರಸ್ತೆ ಬದಿಯ ಕಲ್ಲಿನ ಮೇಲಿಟ್ಟ. ಅಜ್ಜ ಎತ್ತಿಕೊಂಡು ತಮ್ಮ ಚಂಚಿಗೆ ಹಾಕಿಕೊಂಡರು. ರೈಲಿಗೆ ಇನ್ನೂ ಅರ್ಧ ತಾಸು ಇತ್ತು.